ಮನೆಯ ಹಿರಿಯರ ಭಾವಚಿತ್ರ

ಅಕ್ಕಲಕೋಟೆಯ ನಮ್ಮ ಅರಿವೆ ಅಂಗಡಿಯ ಕಪಾಟಿನಲ್ಲಿ 1948ರಿಂದ ಈಚಿನ ಕಿರ್ದಿ-ಖಾತೆ ಪುಸ್ತಕಗಳೆಲ್ಲ ಇವೆ. ಯಾವ ದೀಪಾವಳಿಗೆ ಎಷ್ಟು ಜೋಡಿ ಧೋತರ ಉಳಿದಿದ್ದವು, ಯಾವ ಹಳ್ಳಿಯ ಗಿರಾಕಿಯ ಉದ್ರಿ ಎಷ್ಟಿತ್ತು ಎಂಬುದನ್ನು ಐದು ನಿಮಿಷದಲ್ಲಿ ತೆಗೆದು ತೋರಿಸಬಲ್ಲೆವು. ಆದರೆ 1991ರಲ್ಲಿ ನಮ್ಮ ತಾಯಿ ತೀರಿಕೊಂಡಾಗ ಆಕೆಯದೊಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ.

ಮೂರನೆಯ ದಿವಸ ಸಂಜೆ ಬೀಗರು-ನೆಂಟರೆಲ್ಲ ಪಡಸಾಲೆಯಲ್ಲಿ ಕುಳಿತಿರುವಾಗ ಅಣ್ಣ ನನ್ನನ್ನು ಒಳಗೆ ಕರೆದು, "ಅವ್ವಂದೊಂದು ಛಲೋ ಫೋಟೋ ಹುಡುಕು ತಮ್ಮಾ, ದೊಡ್ಡದು ಮಾಡಸೂಣು" ಎಂದ. ಟ್ರಂಕು ತೆಗೆದೆವು, ಗೋದರೇಜಿನ ಕಪಾಟು ತೆಗೆದೆವು. ಸಿಕ್ಕಿದ್ದು ಒಂದೇ. 1974ರಲ್ಲಿ ಅಕ್ಕನ ಲಗ್ನದಲ್ಲಿ ತೆಗೆದ ಗುಂಪಿನ ಫೋಟೋ. ಅದರಲ್ಲಿ ಅವ್ವ ಮೂರನೆಯ ಸಾಲಿನಲ್ಲಿ, ಯಾರದೋ ಹೆಗಲಿನ ಹಿಂದೆ ಅರ್ಧ ಮರೆಯಾಗಿ ನಿಂತಿದ್ದಳು. ಮುಖ ತೊಗರಿ ಕಾಳಿನಷ್ಟು. ಅದೂ ಕಣ್ಣು ಮುಚ್ಚಿದ್ದವು.

ಅದನ್ನೇ ದೊಡ್ಡದು ಮಾಡಿಸಿದೆವು. ಸ್ಟುಡಿಯೋದವರು ಪಾಪ, ತಮ್ಮ ಕೈಲಾದಷ್ಟು ಮಾಡಿದರು. ಮುಚ್ಚಿದ ರೆಪ್ಪೆಯ ಮೇಲೆ ಪೆನ್ಸಿಲಿನಿಂದ ತೆರೆದ ಕಣ್ಣು ಬರೆದರು, ಮರೆಯಾಗಿದ್ದ ಅರ್ಧ ಗಲ್ಲವನ್ನು ಅಂದಾಜಿನ ಮೇಲೆ ತುಂಬಿದರು, ಅವ್ವ ಎಂದೂ ಉಡದ ನೀಲಿ ಸೀರೆಯನ್ನು ಬಣ್ಣದಿಂದ ಉಡಿಸಿದರು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ದಿವಸ ಐದು ವರ್ಷದ ನನ್ನ ಮಗಳು ನೋಡಿ, "ಇವ್ರು ಯಾರ್ರಿ ಅಪ್ಪಾ?" ಎಂದು ಕೇಳಿದಳು. ಆರು ತಿಂಗಳ ಹಿಂದಿನವರೆಗೆ ಅದೇ ಅಜ್ಜಿಯ ತೊಡೆಯ ಮೇಲೆ ಮಲಗುತ್ತಿದ್ದ ಹುಡುಗಿ ಅದು. ನಮ್ಮ ತಂದೆಯವರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಪಡಸಾಲೆಯಲ್ಲಿ ಆ ಗೋಡೆಗೆ ಬೆನ್ನು ಮಾಡಿ ಕುಳಿತುಕೊಳ್ಳಹತ್ತಿದರು.

ನಮ್ಮಲ್ಲಿ ಶ್ರಾದ್ಧವಿಲ್ಲ, ಪಿಂಡವಿಲ್ಲ. ತೀರಿಹೋದವರ ಫೋಟೋಕ್ಕೆ ಆರತಿ ಎತ್ತುವುದು ಮಿಥ್ಯಾತ್ವವೆಂದು ಪಂಡಿತರು ಶಾಸ್ತ್ರ ಓದುವಾಗ ಹೇಳುತ್ತಾರೆ, ಅದು ಸರಿಯೇ. ಆತ್ಮವು ತನ್ನ ಕರ್ಮಕ್ಕೆ ತಕ್ಕ ಗತಿಗೆ ಹೋಗಿರುತ್ತದೆ, ಚೌಕಟ್ಟಿನಲ್ಲಿ ಕುಳಿತಿರುವುದಿಲ್ಲ. ಹಾಗಿದ್ದರೂ ಮೊಮ್ಮಕ್ಕಳಿಗೆ "ಇದು ನಿಮ್ಮ ಅಜ್ಜಿ" ಎಂದು ತೋರಿಸಲು ಒಂದು ಮುಖ ಬೇಕಾಗುತ್ತದೆ. ನಮ್ಮ ಭಾಗದ ಎಷ್ಟೋ ದಿಗಂಬರ ಮನೆಗಳಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರ ಚಿತ್ರವಿದೆ. ಅವರು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದು 1955ರಲ್ಲಿ. ಅವರನ್ನು ಕಣ್ಣಾರೆ ನೋಡಿದವರು ಈಗ ಬಲು ಕಡಿಮೆ. ಆದರೆ ಆ ಮುಖ ನಮಗೆಲ್ಲ ಗುರುತಿದೆ. ಯಾರೋ ಒಬ್ಬರು ಸರಿಯಾದ ಹೊತ್ತಿಗೆ, ಸರಿಯಾದ ದೂರದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರು ಎಂಬುದೇ ಅದಕ್ಕೆ ಕಾರಣ.

ಮುಂದಿನ ವರ್ಷ, 1992ರಲ್ಲಿ, ಸೊಲ್ಲಾಪುರಕ್ಕೆ ಮಾಲು ತರಲು ಹೋದಾಗ ಒಂದು ಸಣ್ಣ ಕ್ಯಾಮೆರಾ ಕೊಂಡೆ. ಮನೆಯ ಹಿರಿಯರೊಬ್ಬೊಬ್ಬರದೂ ಒಂದೊಂದು ಫೋಟೋ ತೆಗೆದಿಡಬೇಕೆಂಬ ಹಟ. 36 ಫೋಟೋಗಳ ಮೊದಲ ರೀಲು ತೊಳೆಸಿ ತಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಳಿಗೆಯ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ತೆಗೆದವುಗಳಲ್ಲಿ ಎಲ್ಲರ ಕಣ್ಣ ಗುಳಿಗಳೂ ಕಪ್ಪು ಬಾವಿಗಳಾಗಿದ್ದವು. ರಾತ್ರಿ ಫ್ಲ್ಯಾಶ್ ಹಾಕಿ ತೆಗೆದವುಗಳಲ್ಲಿ ಕಾಕಾನ ಚಸ್ಮಾದ ಜಾಗದಲ್ಲಿ ಎರಡು ಬೆಂಕಿಯುಂಡೆಗಳು, ಬೆನ್ನ ಹಿಂದಿನ ಗೋಡೆಗೆ ಬಡಿದ ಕರಿ ನೆರಳು. ತೀರ ಹತ್ತಿರ ಹೋಗಿ ತೆಗೆದದ್ದರಲ್ಲಿ ಸೋದರಮಾವನ ಮೂಗು ಬದನೆಕಾಯಿಯಾಗಿತ್ತು. ಮಾವ ಆ ಫೋಟೋ ಕಸಿದುಕೊಂಡು ಹರಿದೇ ಹಾಕಿದ.

ನಮ್ಮ ಅಂಗಡಿಯ ಎದುರಿಗೆ ಆಗ ಒಂದು ಹಳೆಯ ಸ್ಟುಡಿಯೋ ಇತ್ತು. ಅದರ ಮಾಲಕ ವಯಸ್ಸಾದವನು, ಕಡಿಮೆ ಮಾತಿನವನು. ನನ್ನ ಫೋಟೋಗಳನ್ನು ಒಂದೊಂದಾಗಿ ಗಲ್ಲೆಯ ಮೇಲೆ ಇಸ್ಪೀಟಿನ ಎಲೆಯಂತೆ ಹರವಿ, "ಸಾವಕಾರ್ರ, ನೀವು ಗಿರಾಕಿಗೆ ಅರಿವಿ ಹ್ಯಾಂಗ ತೋರಸ್ತೀರಿ?" ಎಂದು ಕೇಳಿದ. "ಬಾಗಲದ ಬೆಳಕಿಗೆ ಹಿಡದು ತೋರಸ್ತೀನಿ" ಎಂದೆ. "ಮತ್ತ ಮಾರಿ ಯಾಕ ಬಿಸಲಾಗ ಸುಡ್ತೀರಿ?" ಎಂದ.

ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಮಾತಿನಲ್ಲಿದೆ. ಅರಿವೆಯ ನಿಜವಾದ ಬಣ್ಣ ನೇರ ಬಿಸಿಲಿನಲ್ಲೂ ಕಾಣುವುದಿಲ್ಲ, ದೀಪದ ಕೆಳಗೂ ಕಾಣುವುದಿಲ್ಲ. ಬಾಗಿಲಿಂದ ಒಳಗೆ ಒಂದು ಮಾರು ಸರಿದು ನಿಂತಾಗ ಬೀಳುವ ತಂಪು ಬೆಳಕಿನಲ್ಲಿ ಕಾಣುತ್ತದೆ. ಮುಖದ ಗುಣವೂ ಅದೇ. ಹಿರಿಯರನ್ನು ಪಡಸಾಲೆಯ ಬಾಗಿಲಿನ ಒಳಬದಿಗೆ, ಬೆಳಕು ಒಂದು ಮಗ್ಗುಲಿನಿಂದ ಬರುವಂತೆ ಕೂಡ್ರಿಸಿರಿ. ಉತ್ತರಕ್ಕೆ ಬಾಗಿಲಿದ್ದರೆ ದಿನವಿಡೀ ಅನುಕೂಲ. ಇಲ್ಲದಿದ್ದರೆ ಬಿಸಿಲು ಆ ಬಾಗಿಲು ಬಿಟ್ಟು ಸರಿಯುವವರೆಗೆ ಕಾಯಬೇಕು. ಇನ್ನೊಂದು ಗಲ್ಲ ತೀರ ಕತ್ತಲೆಯಾದರೆ ಆ ಬದಿಗೆ ಒಬ್ಬ ಹುಡುಗನ ಕೈಯಲ್ಲಿ ಬಿಳಿ ಧೋತರವನ್ನು ಬಿಚ್ಚಿ ಹಿಡಿಸಿರಿ. ಬೆಳಕು ಅದಕ್ಕೆ ಬಡಿದು ಮರಳಿ ಮುಖದ ಮೇಲೆ ಬೀಳುತ್ತದೆ. ಅಂಗಡಿಕಾರರ ಮನೆಯಲ್ಲಿ ಬಿಳಿ ಅರಿವೆಗೇನು ಕೊರತೆ?

ದೂರದ ಮಾತನ್ನೂ ಅವನೇ ತಿಳಿಸಿಕೊಟ್ಟ. ಹತ್ತಿರ ಹೋದಷ್ಟೂ ಮುಂದಿರುವ ಮೂಗು ಉಬ್ಬುತ್ತದೆ, ಹಿಂದಿರುವ ಕಿವಿಗಳು ಕುಗ್ಗುತ್ತವೆ. ಐದಾರು ಅಡಿ ದೂರದಲ್ಲಿದ್ದರೆ ಮುಖ ನಾವು ದಿನಾಲು ಕಾಣುವ ಹಾಗೆ ಬರುತ್ತದೆ. ಆಗಿನ ಸ್ಟುಡಿಯೋದವರು ಇದಕ್ಕಾಗಿಯೇ 85 ಮಿಲಿಮೀಟರಿನ ಆಚೀಚೆಯ ಉದ್ದ ಮಸೂರ ಇಟ್ಟುಕೊಳ್ಳುತ್ತಿದ್ದರು. ಈಗ ಎಲ್ಲರ ಕೈಯಲ್ಲಿರುವ ಫೋನಿನ ಮುಖ್ಯ ಮಸೂರ ಅಗಲ ನೋಟದ್ದು. ಅದನ್ನು ಅಜ್ಜಿಯ ಮುಖದ ಹತ್ತಿರ ಹಿಡಿದರೆ ನಮ್ಮ ಮಾವನಿಗಾದದ್ದೇ ಆದೀತು. ಆರು ಅಡಿ ಹಿಂದೆ ಸರಿದು 2x ಎಂದು ಕಾಣುವಲ್ಲಿ ಒತ್ತಿಕೊಳ್ಳಿರಿ. ಅವರು ನೆಲದ ಮೇಲೆ ಕುಳಿತಿದ್ದರೆ ನೀವೂ ನೆಲದ ಮೇಲೆ ಕೂಡ್ರಿರಿ. ನಿಂತು ತೆಗೆದರೆ ನೆತ್ತಿ ದೊಡ್ಡದಾಗಿ, ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ. ಚಸ್ಮಾ ಹೊಳೆಯುತ್ತಿದ್ದರೆ ಗದ್ದವನ್ನು ತುಸು ಇಳಿಸಲು ಹೇಳಿರಿ, ಇಲ್ಲವೆ ಚಸ್ಮಾದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಎಳೆಯಷ್ಟು ಎತ್ತಿರಿ. ಚಸ್ಮಾ ತೆಗೆಸಬೇಡಿರಿ. ನಲವತ್ತು ವರ್ಷ ಚಸ್ಮಾ ಹಾಕಿದವರ ಮುಖ ಅದಿಲ್ಲದೆ ಬೇರೆ ಯಾರದೋ ಆಗುತ್ತದೆ.

ಲಗ್ನಕ್ಕೆ ಬಂದ ಹೆಣ್ಣುಮಕ್ಕಳ ಫೋಟೋದ ಬಗ್ಗೆಯೂ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲು ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡಿಕೊಡುತ್ತಿದ್ದರು, ಈಗ ಫೋನೇ ಕೇಳದೆ ಗಲ್ಲ ನುಣುಪು ಮಾಡಿಕೊಡುತ್ತದೆ. ಅದನ್ನು ಬಂದ್ ಮಾಡಿರಿ. ನೋಡಲು ಬಂದ ಬೀಗರು ಹುಡುಗಿಯನ್ನೂ ಫೋಟೋವನ್ನೂ ಎರಡೆರಡು ಸಲ ನೋಡುವ ಪ್ರಸಂಗ ಎಷ್ಟು ಕೆಟ್ಟದ್ದೆಂಬುದು ಅನುಭವಿಸಿದವರಿಗೇ ಗೊತ್ತು. ಮುನಿ ಮಹಾರಾಜರು ಊರಿಗೆ ಬಂದಾಗಲೂ ಅಷ್ಟೇ, ಆಹಾರದ ಹೊತ್ತಿನಲ್ಲಿ ಫ್ಲ್ಯಾಶ್ ಹೊಡೆಯುತ್ತ ಚೌಕದ ಸುತ್ತ ಓಡಾಡುವ ಹುಡುಗರನ್ನು ದೊಡ್ಡವರು ತಡೆಯಬೇಕು. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ತೆಗೆದುಕೊಳ್ಳುವ ಆಹಾರ ಅದು. ಅಂತರಾಯವಾದರೆ ನಮ್ಮ ಫೋಟೋದ ಸಲುವಾಗಿ ಅವರು ಉಪವಾಸ.

ತಂದೆಯವರ ಫೋಟೋಕ್ಕೆ ಎರಡು ವರ್ಷ ಹಿಡಿಯಿತು. ಕ್ಯಾಮೆರಾ ಕಂಡೊಡನೆ ಅವರು ಎದೆ ಉಬ್ಬಿಸಿ, ಕೈಗಳನ್ನು ಮೊಳಕಾಲಿನ ಮೇಲೆ ಇಟ್ಟು, ಉಸಿರು ಹಿಡಿದು ಕುಳಿತುಬಿಡುತ್ತಿದ್ದರು. ಅವರ ಬಾಲ್ಯದಲ್ಲಿ ಫೋಟೋ ಎಂದರೆ ಅಲುಗಾಡಬಾರದೆಂದು ಗದರಿಸಿ ಕೂಡ್ರಿಸುತ್ತಿದ್ದ ಕಾಲ, ಅದು ಮೈಯಿಂದ ಹೋಗಿರಲಿಲ್ಲ. "ನಗ್ರಿ ಅಪ್ಪಾಜಿ" ಎಂದರೆ ಹಲ್ಲು ಕಾಣಿಸುತ್ತಿತ್ತು, ನಗೆ ಇರುತ್ತಿರಲಿಲ್ಲ. ಎದುರಿನ ಸ್ಟುಡಿಯೋದವನು ಉಪಾಯ ಹೇಳಿದ. ಒಂದು ಫೋಟೋ ತೆಗೆದು "ಆತ್ರಿ, ಮುಗೀತು" ಎಂದು ಹೇಳು, ಕ್ಯಾಮೆರಾ ಮಾತ್ರ ಕಣ್ಣಿನಿಂದ ಇಳಿಸಬೇಡ ಎಂದ. ಹಾಗೇ ಮಾಡಿದೆ. 1994ರ ಒಂದು ಸಂಜೆ, ಗಾದಿಯ ಮೇಲೆ, ಗಜಕಡ್ಡಿ ತೊಡೆಯ ಮೇಲಿದೆ. "ಮುಗೀತು" ಎಂದ ಕೂಡಲೆ ತಂದೆಯವರು ಹಿಡಿದ ಉಸಿರು ಬಿಟ್ಟು, ರಸ್ತೆಯಲ್ಲಿ ಹೊರಟ ಯಾರನ್ನೋ ಗುರುತು ಹಿಡಿದು ಹುಬ್ಬೆತ್ತಿದರು. ಅಷ್ಟರಲ್ಲಿ ಒತ್ತಿದೆ. ಉದ್ರಿ ಗಿರಾಕಿ ಕಂಡಾಗಿನ ಅವರ ಮುಖ ಅದು, ಮನೆಯವರೆಲ್ಲ ಒಂದೇ ನೋಟಕ್ಕೆ ಒಪ್ಪಿದರು. ಅವರು ಹೋದದ್ದು 1998ರಲ್ಲಿ. ಆ ಫೋಟೋ ಇಂದಿಗೂ ಅಂಗಡಿಯಲ್ಲಿದೆ. ಕೆಲವು ಹಳೆಯ ಗಿರಾಕಿಗಳು ಅದರ ಮುಂದೆ ಬಾಕಿಯ ಲೆಕ್ಕ ತೆಗೆಯಲು ಈಗಲೂ ಹಿಂದೆಮುಂದೆ ನೋಡುತ್ತಾರೆ.

ಹೀಗೆ ಒಬ್ಬೊಬ್ಬರದಾಗಿ ಎಲ್ಲರದೂ ಆಯಿತು, ಅತ್ತಿಯ ಹೊರತು.

ಅತ್ತಿ ಎಂದರೆ ನಮ್ಮ ತಂದೆಯ ತಂಗಿ. ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ಎರಡನೆಯ ಪ್ರತಿಮೆಯ ವ್ರತ ತೆಗೆದುಕೊಂಡಮೇಲೆ ಬಿಳಿ ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಅಷ್ಟಮಿ-ಚತುರ್ದಶಿಗೆ ಉಪವಾಸ, ಸೂರ್ಯ ಮುಳುಗಿದ ಮೇಲೆ ನೀರು ಸಹ ಇಲ್ಲ. ನಾನು ಕ್ಯಾಮೆರಾ ತಂದ ಹೊಸದರಲ್ಲಿ ಒಂದು ದಿವಸ ಅವಳೆದುರು ಕುಳಿತು ರೀಲು ಹಾಕುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಏನೋ ಅದು, ಥಳಥಳ ಅಂತೈತಿ?" ಎಂದಳು. ಇದರ ಮೇಲೆಯೇ ಫೋಟೋ ಮೂಡುವುದು ಎಂದೆ. "ಅದಕ್ಕ ಏನು ಹಚ್ಚಿರ್ತಾರ?" ಎಂದಳು. ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಎದುರಿನ ಸ್ಟುಡಿಯೋಕ್ಕೆ ಹೋದೆ.

ಅವನು ಹೇಳಲು ಹಿಂಜರಿದ. ನಾವು ಯಾರೆಂಬುದು ಅವನಿಗೆ ಗೊತ್ತಲ್ಲ. ಬೆಳಕು ತಾಗಿದರೆ ಬದಲಾಗುವ ಬೆಳ್ಳಿಯ ಲವಣದ ಕಣಗಳು ರೀಲಿನ ಮೇಲೆ ಇರುತ್ತವೆ. ಅವು ಅಲ್ಲಿ ಸಮನಾಗಿ ಹರಡಿ ನಿಲ್ಲಬೇಕಾದರೆ ಒಂದು ಅಂಟು ಬೇಕು. ಆ ಅಂಟು ಜಿಲೆಟಿನ್. ದನದ ಎಲುಬು, ಚರ್ಮಗಳನ್ನು ಕುದಿಸಿ ತೆಗೆಯುವಂಥದು, ಔಷಧದ ಕ್ಯಾಪ್ಸೂಲಿನ ಟೊಪ್ಪಿಗೆ ಬಳಸುವುದೂ ಅದನ್ನೇ. ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು 1871ರಲ್ಲಿ ಇದರ ದಾರಿ ತೋರಿಸಿದ ಮೇಲೆ ಫಿಲ್ಮಿನ ಕಾಲ ಮುಗಿಯುವವರೆಗೂ ಅದೇ ನಡೆಯಿತು. ರೀಲಿಗಷ್ಟೇ ಅಲ್ಲ, ಫೋಟೋ ಮುದ್ರಿಸುವ ಕಾಗದಕ್ಕೂ ಅದೇ ಲೇಪ. ಅದಕ್ಕಿಂತ ಮೊದಲಿನದೇನೂ ನಮಗೆ ಸಮಾಧಾನ ಕೊಡುವಂಥದಲ್ಲ. ಆಗಿನ ಫೋಟೋ ಕಾಗದಗಳಿಗೆ ಹಚ್ಚುತ್ತಿದ್ದುದು ಮೊಟ್ಟೆಯ ಬಿಳಿ ಲೋಳೆ.

ಹೈದರಾಬಾದಿನ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿ ಹೆಸರು ಮಾಡಿದ ರಾಜಾ ದೀನದಯಾಳರು ಜೈನರೆಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. 1844ರಲ್ಲಿ ಮೀರತ್ ಹತ್ತಿರದ ಸರಧನಾದಲ್ಲಿ, ಚಿನ್ನ-ಜವಾಹಿರಿ ವ್ಯಾಪಾರದ ಮನೆತನದಲ್ಲಿ ಹುಟ್ಟಿದವರು. ರೂಡಕಿಯಲ್ಲಿ ಇಂಜಿನಿಯರಿಂಗ್ ಕಲಿತು ಇಂದೂರಿನಲ್ಲಿ ನಕಾಶೆ ಬರೆಯುವ ನೌಕರಿ ಮಾಡುತ್ತ ಕ್ಯಾಮೆರಾ ಹಿಡಿದರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಹಾಕಿದರು. ಪರದೆಯ ಹೆಣ್ಣುಮಕ್ಕಳಿಗಾಗಿ ಹೆಂಗಸರೇ ನಡೆಸುವ ಬೇರೊಂದು ಸ್ಟುಡಿಯೋವನ್ನು ಹೈದರಾಬಾದಿನಲ್ಲಿ 1892ರಲ್ಲಿ ತೆರೆದರು. ಎದುರಿಗೆ ಗಂಡಸು ನಿಂತರೆ ಆ ಹೆಣ್ಣುಮಕ್ಕಳ ಮುಖ ಮುಖವಾಗಿ ಬರುವುದಿಲ್ಲವೆಂಬುದು ಅವರಿಗೆ ತಿಳಿದಿರಬೇಕು. 1905ರಲ್ಲಿ ತೀರಿಕೊಂಡರು. ಅವರು ತೆಗೆದ ರಾಜ-ಮಹಾರಾಜರ ಚಿತ್ರಗಳಲ್ಲಿ ಬಹಳಷ್ಟು ಆ ಮೊಟ್ಟೆಯ ಲೋಳೆಯ ಕಾಗದದ ಮೇಲೆಯೇ ಇವೆ. ಇದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದಾಗ ನನಗೆ ಮೊದಲು ಅಭಿಮಾನವಾಯಿತು, ಆಮೇಲೆ ಅತ್ತಿಯ ನೆನಪಾಯಿತು.

ಜಿಲೆಟಿನ್ನಿನ ಮಾತನ್ನು ಅತ್ತಿಗೆ ಮುಚ್ಚಿಡಬಹುದಿತ್ತು. ಹೇಳಿದೆ. ಅವಳು ಮೊರ ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ನಂದು ಬ್ಯಾಡ ತಮ್ಮಾ" ಎಂದಳು. ನಾನು ಕ್ಯಾಮೆರಾ ಮಾರಿಬಿಡಲೇ ಎಂದು ಕೇಳಿದೆ. ನನಗೆ ನಿಜವಾಗಿಯೂ ಕೈ ನಡುಗಿತ್ತು. ಅದಕ್ಕೆ ಅತ್ತಿ, "ನೀ ರೇಶಿಮಿ ಮಾರತಿ, ನಾ ಉಡೂದಿಲ್ಲ. ಮನ್ಯಾಗ ಇಬ್ಬರೂ ಇದ್ದೀವಿಲ್ಲೋ? ನೀ ತಗೀತಿ ತಗೀ, ನನ್ನ ಕರೀಬ್ಯಾಡ" ಎಂದು ಮೊರ ಎತ್ತಿಕೊಂಡಳು.

ನಾನು ಕ್ಯಾಮೆರಾ ಬಿಡಲಿಲ್ಲ. ಬಿಡಬೇಕಿತ್ತೆಂದು ಓದುಗರಲ್ಲಿ ಕೆಲವರಿಗೆ ಅನಿಸಬಹುದು, ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅತ್ತಿ ಮಾತ್ರ ಒಂದು ದಿವಸವೂ ನನಗೆ ಉಪದೇಶ ಮಾಡಲಿಲ್ಲ. ಲಗ್ನ, ತೊಟ್ಟಿಲು, ಅಂಗಡಿಯ ಪೂಜೆ, ಯಾವುದರಲ್ಲಿಯೂ ಫೋಟೋಕ್ಕೆ ನಿಲ್ಲುವ ಹೊತ್ತಾಯಿತೆಂದರೆ ಸದ್ದಿಲ್ಲದೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ನಮ್ಮ ಆಲ್ಬಮ್ಮುಗಳನ್ನು ತೆಗೆದು ನೋಡಿದರೆ ಹನ್ನೆರಡು-ಹದಿಮೂರು ವರ್ಷ ಆ ಮನೆಯಲ್ಲಿ ಅತ್ತಿ ಎಂಬುವಳೇ ಇರಲಿಲ್ಲ ಎನಿಸುತ್ತದೆ. 1999ರ ಒಂದು ಫೋಟೋದ ಅಂಚಿನಲ್ಲಿ ಮಾತ್ರ, ಬಾಗಿಲ ಚೌಕಟ್ಟಿನ ಆಚೆಗೆ, ನಾಲ್ಕು ಬೆರಳಿನಷ್ಟು ಬಿಳಿ ಸೆರಗು ಕಾಣುತ್ತದೆ.

2005ರಲ್ಲಿ ಅಣ್ಣನ ಮಗ ಪುಣೆಯಿಂದ ಬರುವಾಗ ಒಂದು ಡಿಜಿಟಲ್ ಕ್ಯಾಮೆರಾ ತಂದ. ಅದರಲ್ಲಿ ರೀಲು ಇಲ್ಲ, ಲೇಪ ಇಲ್ಲ, ಬೆಳಕನ್ನು ಹಿಡಿಯುವುದು ಸಿಲಿಕಾನಿನ ಒಂದು ಬಿಲ್ಲೆ. ಅವನು ವಿವರಿಸುತ್ತಿದ್ದಂತೆ ನಾನು ಎದ್ದು ಅತ್ತಿಯ ಹತ್ತಿರ ಹೋದೆ. ಆಗ ಅವಳಿಗೆ ಎಂಬತ್ತರ ಹತ್ತಿರ. "ಅತ್ತಿ, ಇದರಾಗ ಆ ಅಂಟು ಇಲ್ರಿ" ಎಂದೆ. ಅವಳು ಕ್ಯಾಮೆರಾ ಕೈಯಲ್ಲಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮತ್ತ ಕಾಗದದಾಗ?" ಎಂದಳು.

ಹದಿಮೂರು ವರ್ಷದ ಹಿಂದೆ ಕೇಳಿದ್ದನ್ನು ಅವಳು ಮರೆತಿರಲಿಲ್ಲ. ಲ್ಯಾಬಿನಲ್ಲಿ ಹಾಕಿಕೊಡುವ ಹೊಳೆಯುವ ಫೋಟೋದ ಕಾಗದ ಡಿಜಿಟಲ್ ಬಂದಮೇಲೂ ಹಳೆಯದೇ. ಅದಕ್ಕೆ ಜಿಲೆಟಿನ್ನಿನ ಲೇಪ ಇಂದಿಗೂ ಉಂಟು. ಮನೆಯಲ್ಲಿ ಶಾಯಿಯಿಂದ ಮುದ್ರಿಸುವ ಹೊಳಪಿನ ಕಾಗದಗಳಲ್ಲಿಯೂ ಕೆಲವಕ್ಕೆ ಅದನ್ನು ಹಚ್ಚುತ್ತಾರೆ. ಇದನ್ನೂ ಹೇಳಿದೆ. ಕಂಪ್ಯೂಟರಿನ ಅಂಗಡಿಯಲ್ಲಿ ಬಿಲ್ಲು ಹೊಡೆಯುವ ಸಾದಾ ಕಾಗದದ ಮೇಲೆ ತೆಗೆಸುತ್ತೇನೆ, ಅಷ್ಟು ಚಂದ ಬರುವುದಿಲ್ಲ ಎಂದೆ. ಅವಳು, "ಚಂದ ತಗೊಂಡು ಏನ್ ಮಾಡೂದೈತಿ" ಎಂದು ಹೇಳಿ ಒಳಗೆ ನಡೆದಳು. ಒಪ್ಪಿದಳೋ ಬಿಟ್ಟಳೋ ತಿಳಿಯಲಿಲ್ಲ. ಹಿಂದಿನಿಂದ ಹೋದೆ.

ಮುಂಜಾನೆಯ ನೀರು ಸೋಸುವ ಹೊತ್ತು ಅದು. ಅಡಿಗೆಮನೆಯ ಮೂಡಣ ಬಾಗಿಲಿನ ಪಕ್ಕ ಹಂಡೆಯ ಬಾಯಿಗೆ ಎರಡು ಪದರಿನ ದಪ್ಪ ಅರಿವೆ ಕಟ್ಟಿ ಕೊಡದಿಂದ ನಿಧಾನ ಸುರಿಯಹತ್ತಿದಳು. ಬಿಸಿಲು ಇನ್ನೂ ಅಂಗಳದಲ್ಲಿತ್ತು, ಬಾಗಿಲೊಳಗೆ ಬರಿಯ ಬೆಳಕು. ನಾನು ಎದುರು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತೆ. ಮೊದಲನೆಯದು ಕಪ್ಪಾಗಿ ಬಂತು. ಬಿಳಿ ಸೀರೆ ಹೆಚ್ಚು ಜಾಗ ತುಂಬಿದಾಗ ಕ್ಯಾಮೆರಾ ಎಲ್ಲವೂ ಬೆಳ್ಳಗಿದೆ ಎಂದು ತಿಳಿದು ಬೆಳಕನ್ನು ಕಡಿಮೆ ಮಾಡಿಬಿಡುತ್ತದೆ, ಮುಖ ಮಂಕಾಗುತ್ತದೆ. ವ್ರತಿಕರ, ಮಾತಾಜಿಯವರ ಫೋಟೋ ತೆಗೆಯುವವರು ಇದನ್ನು ನೆನಪಿಡಬೇಕು. ಈಗಿನ ಫೋನಿನಲ್ಲಾದರೆ ಗಾಜಿನ ಮೇಲೆ ಮುಖ ಕಾಣುವಲ್ಲಿ ಬೆರಳು ಒತ್ತಿ, ಆಮೇಲೆ ಬೆರಳನ್ನು ತುಸು ಮೇಲಕ್ಕೆ ಸರಿಸಿದರೆ ಸರಿಯಾಗುತ್ತದೆ. ಆ ಕ್ಯಾಮೆರಾದಲ್ಲಿ ಬೆಳಕು ಹೆಚ್ಚಿಸುವ ಗುಂಡಿ ಎಲ್ಲಿದೆಯೆಂದು ಹುಡುಕಲು ಅಣ್ಣನ ಮಗನನ್ನು ಕರೆಯಬೇಕಾಯಿತು. ಅತ್ತಿ ಆ ಗದ್ದಲಕ್ಕೆ ತಲೆ ಎತ್ತಲಿಲ್ಲ. ಹೆಚ್ಚು ಸಲ ಒತ್ತಲಿಲ್ಲ ನಾನೂ. ಎಂಟೋ ಒಂಬತ್ತೋ ತೆಗೆದಿರಬೇಕು.

ನೀರೆಲ್ಲ ಇಳಿದ ಮೇಲೆ ಅವಳು ಅರಿವೆ ಬಿಚ್ಚಿದಳು. ಸೋಸಿದ ಅರಿವೆಯಲ್ಲಿ ಉಳಿದ ಜೀವಗಳನ್ನು ಅದೇ ನೀರಿನಿಂದ ತೊಳೆದು, ತಂದ ಬಾವಿಗೇ ಮರಳಿ ಬಿಡುವುದು ನಮ್ಮಲ್ಲಿ ಪದ್ಧತಿ. ಆ ಅರಿವೆಯನ್ನು ಹಿಂಡದೆ ಎರಡೂ ಅಂಗೈ ಮೇಲೆ ಹಿಡಿದುಕೊಂಡು ಎದ್ದಳು. "ಆತ್ರಿ ಅತ್ತಿ, ಮುಗೀತು" ಎಂದೆ. ಅವಳು ನನ್ನ ಕಡೆ ನೋಡಿದಳು. ನಾನು ಸಣ್ಣವನಿದ್ದಾಗ ಕೈಕಾಲು ಕೆಡಿಸಿಕೊಂಡು ಬಂದು ನಿಂತರೆ ನೋಡುತ್ತಿದ್ದ ನೋಟ ಅದು, ಸಿಟ್ಟಿಗೂ ನಗೆಗೂ ನಡುವಿನದು. ಒತ್ತಿದೆ.

ಬಾವಿಗೆ ಹೋಗಿ ಬಂದಮೇಲೆ ಕ್ಯಾಮೆರಾದ ಹಿಂದಿನ ಸಣ್ಣ ಗಾಜಿನಲ್ಲಿ ತೋರಿಸಿದೆ. ಚಸ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಚಿತ್ರ ತಾನಾಗಿ ಆರಿಹೋಯಿತು, "ಮತ್ತ ಹಚ್ಚು" ಎಂದಳು. ಹಚ್ಚಿದೆ. "ಇದು ನಾ ಅಲ್ಲೋ, ನಮ್ಮವ್ವ" ಎಂದಳು.

ಅವಳ ತಾಯಿ, ಎಂದರೆ ನನ್ನ ತಂದೆಯ ತಾಯಿ, ತೀರಿಕೊಂಡದ್ದು 1939ರಲ್ಲಿ. ಅವಳ ಫೋಟೋ ಎಲ್ಲಿಯೂ ಇಲ್ಲ, ಗುಂಪಿನಲ್ಲಿ ತೊಗರಿ ಕಾಳಿನಷ್ಟೂ ಇಲ್ಲ. ಅವಳ ಮುಖ ನೋಡಿದವರಲ್ಲಿ ಆಗ ಉಳಿದವಳು ಅತ್ತಿ ಒಬ್ಬಳೇ. ಅರವತ್ತಾರು ವರ್ಷದ ಮೇಲೆ ಆ ಮುಖವನ್ನು ಅವಳು ತನ್ನಲ್ಲೇ ಕಂಡಳು. ಅವತ್ತು ಸಂಜೆ ತಾನಾಗಿ ಕರೆದು ಅಣ್ಣನ ಮೊಮ್ಮಕ್ಕಳಿಗೆ, ನನ್ನ ಮಗಳಿಗೆ, "ಬರ್ರೆವಾ, ನಿಮ್ಮ ಮುತ್ತ್ಯಾನ ಅವ್ವನ್ನ ನೋಡಬರ್ರಿ" ಎಂದು ಕ್ಯಾಮೆರಾ ತೋರಿಸಿದಳು. ಅಜ್ಜಿಯ ಸೀರೆ, ಅಜ್ಜಿಯ ಮಾತು, ಅವಳು ಮಾಡುತ್ತಿದ್ದ ಜೋಳದ ಕಡಬು, ನಮಗಾರಿಗೂ ಗೊತ್ತಿಲ್ಲದ್ದನ್ನೆಲ್ಲ ಅಂದು ಹೇಳಿದಳು. ಫೋಟೋ ತೆಗೆಯುವವರು ಹೀಗೆ ತೋರಿಸುತ್ತ ಕೂಡ್ರುವುದನ್ನು ಮರೆಯಬಾರದು. ಕೇಳಿದ್ದನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು. ನಾನು ಬರೆದಿಡಲಿಲ್ಲ, ಅರ್ಧ ಮರೆತುಹೋಗಿದೆ.

ಮಾತು ಕೊಟ್ಟಂತೆ ಸಾದಾ ಕಾಗದದ ಮೇಲೆ ತೆಗೆಸಿದೆ. ಶಾಯಿ ಸ್ವಲ್ಪ ಹರಡಿತ್ತು, ಬಣ್ಣ ಸೌಮ್ಯವಾಗಿ ಬಂದಿತ್ತು. ಹಿಂಬದಿಗೆ ಪೆನ್ಸಿಲಿನಿಂದ ಹೆಸರು, ತಿಥಿ, ಇಸವಿ ಬರೆದೆ. ಇದನ್ನು ಎಲ್ಲರೂ ಮಾಡಬೇಕು. ನಮ್ಮ ಟ್ರಂಕಿನಲ್ಲಿ ಹಿಂಬದಿಗೆ ಏನೂ ಬರೆಯದ ಹಳೆಯ ಫೋಟೋಗಳು ಮೂವತ್ತರ ಮೇಲಿವೆ. ಅವರೆಲ್ಲ ನಮ್ಮವರೇ, ಯಾರೆಂದು ಹೇಳುವವರಿಲ್ಲ. ಫೋನಿನಲ್ಲಿಯೇ ಬಿಟ್ಟ ಫೋಟೋಗಳಂತೂ ಫೋನು ನೀರಿಗೆ ಬಿದ್ದ ದಿವಸ ಹೋಗುತ್ತವೆ.

ಅತ್ತಿ ಹೋದದ್ದು 2009ರ ಚಾತುರ್ಮಾಸದಲ್ಲಿ, ಣಮೋಕಾರ ಕೇಳುತ್ತ. ಹದಿಮೂರನೆಯ ದಿವಸ ಅಣ್ಣನಿಗೂ ನನಗೂ ಸಣ್ಣ ಜಗಳವೇ ಆಯಿತು. ಎಲ್ಲರ ಫೋಟೋಗಳ ಸಾಲಿನಲ್ಲಿ ಅವಳದೂ ದೊಡ್ಡದಾಗಿ, ಲ್ಯಾಬಿನ ಹೊಳೆಯುವ ಕಾಗದದ ಮೇಲೆ ಇರಬೇಕೆಂದು ಅವನು. ಅವಳು ಈಗ ನೋಡುತ್ತಾಳೆಯೇ, ಪಾಪವಾದರೆ ಅದು ಮಾಡಿಸಿದವನಿಗೆ ಎಂದ. ಇದೂ ಒಂದು ಲೆಕ್ಕ. ನಾನು ಫೈಲು ಕೊಡಲಿಲ್ಲ. ಅವನು ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ದಶಲಕ್ಷಣ ಮುಗಿದು ಕ್ಷಮಾವಣಿಯ ದಿವಸ ಬಂದು ಕೈಮುಗಿದ, ನಾನೂ ಮುಗಿದೆ. ಫೋಟೋದ ಮಾತು ಇಬ್ಬರೂ ತೆಗೆಯಲಿಲ್ಲ.

ಸಾದಾ ಕಾಗದದ ಚಿತ್ರ ಗೋಡೆಯ ಮೇಲೆ ನಾಲ್ಕೈದು ವರ್ಷಕ್ಕೆ ಹಳದಿಯಾಗುತ್ತದೆ. ಈವರೆಗೆ ನಾಲ್ಕು ಸಲ ಹೊಸದು ತೆಗೆಸಿ ಚೌಕಟ್ಟಿಗೆ ಹಾಕಿದ್ದೇನೆ. ಹಳೆಯವನ್ನು ಬಿಸಾಡಲು ಮನಸ್ಸು ಬರದೆ 1948ರ ಕಿರ್ದಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಅವ್ವನ ನೀಲಿ ಸೀರೆಯ ಫೋಟೋ ಇನ್ನೂ ಅದೇ ಗೋಡೆಯ ಮೇಲಿದೆ, ತೆಗೆಯೋಣವೆಂದರೆ ಬೇರೆ ಯಾವುದಿದೆ?

ಹೋದ ವರ್ಷ ಅಣ್ಣನ ಮಗ ಸೊಲ್ಲಾಪುರದಲ್ಲಿ ಹೊಸ ಅಂಗಡಿ ತೆರೆದಾಗ, "ಕಾಕಾ, ಅತ್ತ್ಯಜ್ಜಿ ಫೋಟೋ ಕಳಸ್ರಿ, ಗಲ್ಲೆಯ ಹಿಂದ ಹಾಕ್ತೀನಿ" ಎಂದು ಫೋನು ಮಾಡಿದ. ಆ ಮುಂಜಾನೆ ಬೆಳಕಿನ ಗುಂಡಿ ಹುಡುಕಿಕೊಟ್ಟವನೇ ಅವನು. ಈ ಸಲ ಕಳಿಸಿದೆ. ಕೆಳಗೆ, ಸಾದಾ ಕಾಗದದ ಮೇಲೆ ತೆಗೆಸಬೇಕು, ಕಾರಣ ನಿನಗೆ ಗೊತ್ತಿದೆ ಎಂದು ಬರೆದೆ. ಹೆಬ್ಬೆರಳು ಎತ್ತಿದ ಒಂದು ಗುರುತು ಮರಳಿ ಬಂತು. ಅಂಗಡಿ ಭಾರಿ ಚಂದ ಮಾಡಿದ್ದಾನೆ, ಫೋಟೋ ದೊಡ್ಡದಾಗಿ ಬಂದಿದೆ ಎಂದು ನೋಡಿ ಬಂದವರು ಹೇಳುತ್ತಾರೆ. ಯಾವ ಕಾಗದವೆಂದು ನಾನು ಇನ್ನೂ ಕೇಳಿಲ್ಲ.